ಚಹಾ ಬಣ್ಣ ಹೋಗುತ್ತದೆ, ಆ ಬಿಳಿ ಎಳೆ ನೋಡಿ

ಪ್ರಶ್ನೆ: ಸರ್, ನಾನು ಶಹಾಪುರದವನು. ಕಲಬುರಗಿಯಲ್ಲಿ ಒಂದು ಹಳೇ ಫೋಟೋ ಸ್ಟುಡಿಯೋ ಮುಚ್ಚುತ್ತಿದ್ದಾರೆ. ಅಲ್ಲಿನ ಕಾಕಾ ಸಾಮಾನೆಲ್ಲ ಮಾರುತ್ತಿದ್ದಾರೆ. ಅದರಲ್ಲಿ ಒಂದು ಸೂಪರ್-ಟಕುಮಾರ್ (ಪೆಂಟಾಕ್ಸ್ ಕಂಪನಿಯ ಹಳೇ ಲೆನ್ಸ್) 50 ಎಂಎಂ 1.4 ಇದೆ. 7,000 ರೂಪಾಯಿ ಹೇಳುತ್ತಿದ್ದಾರೆ. ನನ್ನ ಹತ್ತಿರ ಕ್ಯಾನನ್ 1500ಡಿ ಕ್ಯಾಮೆರಾ ಇದೆ. ಲೆನ್ಸ್ ಕೈಗೆ ತಗೊಂಡು ನೋಡಿದೆ. ಗಾಜು ಕಡಕ್ ಚಹಾ ಥರ ಹಳದಿ. ಗೋಡೆ ಕಡೆ ಹಿಡಿದು ನೋಡಿದರೆ ಗೋಡೆಯೂ ಹಳದಿ. ಫೋಟೋ ಎಲ್ಲಾ ಹಳದಿ ಬರುತ್ತದೇನೋ ಅಂತ ಹೆದರಿಕೆ. ಈ ಬಣ್ಣ ಹೋಗುತ್ತದಾ? ಫೋಕಸ್ ರಿಂಗ್ ಸ್ವಲ್ಪ ಬಿಗಿ. ಒಳಗೆ ಅಂಚಿನಲ್ಲಿ ಸಣ್ಣ ಬಿಳಿ ಎಳೆ ಇದೆ, ಕಾಕಾ "ಅದು ಧೂಳು, ಫೋಟೋದಾಗ ಬರಂಗಿಲ್ಲ" ಅಂದರು. ಭಾನುವಾರ ಮತ್ತೆ ಹೋಗುತ್ತೇನೆ. ತಗೋಬಹುದಾ?

ಉತ್ತರ: ಹಳದಿ ಬಗ್ಗೆ ನೀವು ನಾಲ್ಕು ವಾಕ್ಯ ಬರೆದಿದ್ದೀರಿ, ಬಿಳಿ ಎಳೆ ಬಗ್ಗೆ ಒಂದೇ ವಾಕ್ಯ. ನಾನಾಗಿದ್ದರೆ ಉಲ್ಟಾ ಬರೆಯುತ್ತಿದ್ದೆ. ಭಾನುವಾರ ಹೋದಾಗ ಮೊದಲು ಆ ಎಳೆ ಏನು ಅಂತ ಪತ್ತೆ ಮಾಡಿ. ತಗೊಳ್ಳೋದು ಬಿಡೋದು ಅದರ ಮೇಲೆ ನಿಂತಿದೆ. ಆದರೂ ನಿಮ್ಮ ನಿದ್ದೆ ಕೆಡಿಸಿರುವುದು ಹಳದಿ, ಹಾಗಾಗಿ ಅದನ್ನೇ ಮೊದಲು ಮುಗಿಸೋಣ.

ಈ ಲೆನ್ಸಿನ ಮೊದಲ ಮಾದರಿಯಲ್ಲಿ 8 ಗಾಜುಗಳಿದ್ದವು. ಆಮೇಲೆ ಬಂದದ್ದರಲ್ಲಿ 7. ಈ ಎರಡನೇ ಮಾದರಿಯ ಹಿಂಭಾಗದ ಗಾಜಿನಲ್ಲಿ ಥೋರಿಯಂ ಆಕ್ಸೈಡ್ ಬೆರೆಸಿದ್ದಾರೆ. ಯಾಕೆ ಅಂದರೆ, ಅಂಥ ಗಾಜು ಬೆಳಕನ್ನು ಚೆನ್ನಾಗಿ ಬಗ್ಗಿಸುತ್ತದೆ, ಆದರೆ ಬಣ್ಣಗಳನ್ನು ಜಾಸ್ತಿ ಚದುರಿಸುವುದಿಲ್ಲ. 1960ರ ದಶಕದಲ್ಲಿ ಇಷ್ಟು ದೊಡ್ಡ ಬಾಯಿಯ ಲೆನ್ಸ್ ಮಾಡಲು ಅದು ಅನುಕೂಲದ ದಾರಿ. ಥೋರಿಯಂ ಸಣ್ಣ ಪ್ರಮಾಣದಲ್ಲಿ ವಿಕಿರಣ ಸೂಸುತ್ತದೆ. ದಶಕಗಟ್ಟಲೆ ಆ ವಿಕಿರಣ ತಾಗಿ ತಾಗಿ ಗಾಜೇ ಕಂದುತ್ತದೆ. ನೀವು ನೋಡಿದ ಚಹಾ ಬಣ್ಣ ಅದೇ. ಕೊಳೆಯಲ್ಲ, ಗಾಜಿನ ಮೇಲಿನ ತೆಳು ಲೇಪ, ಅಂದರೆ ಕೋಟಿಂಗ್, ಹಾಳಾದದ್ದೂ ಅಲ್ಲ.

ವಿಕಿರಣ ಅಂದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ. ಕ್ಯಾಮೆರಾಕ್ಕೆ ಹಾಕಿ ಫೋಟೋ ತೆಗೆಯೋರಿಗೆ ಅದರಿಂದ ಚಿಂತೆ ಇಲ್ಲ. ಗಾಜು ಒಡೆದರೆ ಪುಡಿ ಕೈಯಲ್ಲಿ ಮುಟ್ಟಬೇಡಿ, ಉಜ್ಜಿ ಪಾಲಿಶ್ ಮಾಡುವ ಸಾಹಸ ಬೇಡ, ಮಕ್ಕಳಿಗೆ ಭೂತಗನ್ನಡಿ ಅಂತ ಕೊಡಬೇಡಿ. ಅಷ್ಟು ಸಾಕು.

ಫೋಟೋದಲ್ಲಿ ಹಳದಿ ಬರುತ್ತದಾ? ನಿಮ್ಮ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಸೌಲಭ್ಯ) ಬಹುಪಾಲು ಸರಿಮಾಡಿಬಿಡುತ್ತದೆ. ಕಪ್ಪು ಬಿಳುಪಿನಲ್ಲಂತೂ ಪುಕ್ಕಟೆ ಹಳದಿ ಫಿಲ್ಟರ್ ಸಿಕ್ಕ ಹಾಗೆ, ಆಕಾಶ ಸ್ವಲ್ಪ ಕಪ್ಪಾಗಿ ಮೋಡ ಎದ್ದು ಕಾಣುತ್ತದೆ. ನಷ್ಟ ಅಂದರೆ ಬೆಳಕು ಸ್ವಲ್ಪ ಕಡಿಮೆ ಬರುತ್ತದೆ.

ಅಂಗಡಿಯಲ್ಲಿ ಒಂದು ಬಿಳಿ ಹಾಳೆಯ ಮೇಲೆ ಲೆನ್ಸ್ ಹಿಡಿದು ನೋಡಿ. ಹಳದಿ ಎಲ್ಲಾ ಕಡೆ ಒಂದೇ ಸಮ ಇದ್ದರೆ ಥೋರಿಯಂ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ, ಅಥವಾ ಬರೀ ಅಂಚಿನಲ್ಲಿ ಇದ್ದರೆ ಅದು ಬೇರೆ ಕಾಯಿಲೆ. ಗಾಜಿಗೆ ಗಾಜು ಅಂಟಿಸಿದ ಅಂಟು ಹಳತಾಗಿರಬಹುದು.

ಈ ಬಣ್ಣ ಅತಿನೇರಳೆ ಬೆಳಕಿಗೆ ಇಟ್ಟರೆ ಇಳಿಯುತ್ತದೆ. ಅದಕ್ಕೆ ಬಿಸಿಲು ಸಾಕು ಅಂತ ಎಲ್ಲರೂ ಹೇಳುತ್ತಾರೆ. ಬಿಸಿಲಿಗೆ ನಮ್ಮಲ್ಲೇನು ಬರವೇ? ನಾನೂ ಹಾಗೇ ಅಂದುಕೊಂಡು ಒಂದು ಏಪ್ರಿಲ್‌ನಲ್ಲಿ ಇಂಥದೇ ಲೆನ್ಸನ್ನು ಮಾಳಿಗೆ ಮೇಲೆ ಇಟ್ಟೆ. ಕೆಳಗೆ ಅಲ್ಯೂಮಿನಿಯಂ ಹಾಳೆ, ಹಿಂಭಾಗ ಮೇಲೆ ಮಾಡಿ. ಒಂದು ವಾರಕ್ಕೆ ಹಳದಿ ಅರ್ಧ ಇಳಿದಿತ್ತು, ಖುಷಿಯಾಯಿತು. ಆಮೇಲೆ ಅಪರ್ಚರ್ (ಬ್ಲೇಡ್‌ಗಳು ಹಿಗ್ಗಿಸಿ ಕುಗ್ಗಿಸುವ ಬೆಳಕಿನ ಕಿಂಡಿ) ತಿರುಗಿಸಿದರೆ ಬ್ಲೇಡ್‌ಗಳು ಅಲುಗಲಿಲ್ಲ. ಕಪ್ಪು ಲೋಹ ಕಾದು, ಒಳಗಿನ ಗ್ರೀಸ್ ಕರಗಿ, ಎಣ್ಣೆ ಬ್ಲೇಡ್‌ಗಳಿಗೆ ಹರಿದಿತ್ತು. ಬಣ್ಣ ತೆಗೆಯಲು ಹೋಗಿ ಲೆನ್ಸನ್ನೇ ಬಿಚ್ಚಿಸಬೇಕಾಯಿತು. ಇನ್ನೊಂದು ಮರೆಯಬೇಡಿ, ಇದು ಪಕ್ಕಾ ಭೂತಗನ್ನಡಿ. ಬಿಸಿಲು ಒಂದು ಚುಕ್ಕೆಯಾಗಿ ಪೇಪರ್ ಮೇಲೋ ಬಟ್ಟೆ ಮೇಲೋ ಬಿದ್ದರೆ ಹೊಗೆ ಏಳುತ್ತದೆ.

ಹಾಗಾಗಿ ಕಲಬುರಗಿ, ಯಾದಗಿರಿ ಕಡೆಯವರು ಈ ಕೆಲಸ ಡಿಸೆಂಬರ್, ಜನವರಿಯ ಬೆಳಗಿನ ಬಿಸಿಲಿನಲ್ಲಿ ಮಾಡಿ. ಎರಡು ಗಂಟೆ ಇಟ್ಟು ಒಳಗೆ ತಗೊಳ್ಳಿ. ಇಲ್ಲವಾದರೆ ಸಣ್ಣ ಯುವಿ (ಅತಿನೇರಳೆ) ಎಲ್ಇಡಿ ದೀಪ ತಂದು, ಡಬ್ಬಿಯೊಳಗೆ ಲೆನ್ಸಿನ ಹಿಂಭಾಗಕ್ಕೆ ಬೆಳಕು ಬೀಳುವ ಹಾಗೆ ಇಡಿ. ಅಪರ್ಚರ್ ಪೂರ್ತಿ ತೆರೆದಿರಲಿ. ಬಣ್ಣ ಇಳಿಯಲು ಕೆಲವು ದಿನದಿಂದ ಕೆಲವು ವಾರ ಬೇಕು. ಆ ದೀಪವನ್ನು ನೇರ ನೋಡಬೇಡಿ.

ಈಗ ಎಳೆಗೆ ಬರೋಣ.

ಸ್ಟುಡಿಯೋದ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಲೆನ್ಸೂ ಚೆನ್ನಾಗಿಯೇ ಕಾಣುತ್ತವೆ. ಕತ್ತಲ ಮೂಲೆ ಹುಡುಕಿ. ಸ್ಟುಡಿಯೋ ಅಂದಮೇಲೆ ಡಾರ್ಕ್‌ರೂಮ್ ಇದ್ದೇ ಇರುತ್ತದೆ, ಅಲ್ವಾ? ಲೆನ್ಸಿನ ಹಿಂದೆ ಆಟೋ, ಮ್ಯಾನ್ಯುಯಲ್ ಅಂತ ಒಂದು ಸ್ವಿಚ್ ಇದೆ. ಅದನ್ನು ಮ್ಯಾನ್ಯುಯಲ್‌ಗೆ ತಳ್ಳಿ, ಅಪರ್ಚರ್ 1.4ಕ್ಕೆ, ಅಂದರೆ ಪೂರ್ತಿ ತೆರೆಯುವಲ್ಲಿಗೆ, ತನ್ನಿ. ಮೊಬೈಲ್ ಟಾರ್ಚ್ ಹಿಂದಿನಿಂದ ಓರೆಯಾಗಿ ಬಿಡಿ. ನೀವು ಮುಂದಿನಿಂದ, ನೀವೂ ಓರೆಯಾಗಿ ನೋಡಿ. ಟಾರ್ಚ್ ಮೆಲ್ಲಗೆ ಸುತ್ತಿಸಿ. ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ. ಧೂಳಿನ ಕಣಗಳು ನಕ್ಷತ್ರದ ಹಾಗೆ ಮಿನುಗುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಐವತ್ತು ವರ್ಷ ಈ ಊರಿನ ಗಾಳಿ ಕುಡಿದ ಲೆನ್ಸಿನಲ್ಲಿ ಧೂಳು ಇಲ್ಲದಿದ್ದರೇ ಅನುಮಾನ ಪಡಬೇಕು. ಒಳಗಿನ ಬಿಡಿ ಧೂಳು ಫೋಟೋದಲ್ಲಿ ಬರುವುದಿಲ್ಲ. ಕಾಕಾ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ಆದರೆ ಎಳೆ ಧೂಳಾ, ಬೂಷ್ಟಾ? ಬಟ್ಟೆಯ ನಾರಾದರೆ ಒಂದೇ ದಪ್ಪ ಇರುತ್ತದೆ, ಎರಡು ತುದಿ ಕಾಣುತ್ತವೆ, ಕವಲೊಡೆಯುವುದಿಲ್ಲ. ಲೆನ್ಸನ್ನು ಅಂಗೈಯಲ್ಲಿ ಮೆಲ್ಲಗೆ ತಟ್ಟಿದರೆ ಜಾಗ ಬದಲಿಸಿದರೂ ಬದಲಿಸಬಹುದು. ಬೂಷ್ಟು, ಅಂದರೆ ಫಂಗಸ್, ಹಾಗಲ್ಲ. ಅದು ಬೇರಿನ ಹಾಗೆ ಅಂಚಿನಿಂದ ಒಳಗೆ ಹಬ್ಬುತ್ತದೆ. ಒಂದು ಎಳೆ ಎರಡಾಗಿ, ಎರಡು ನಾಲ್ಕಾಗಿ, ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಜಾಸ್ತಿಯಾದರೆ ಜೇಡರ ಬಲೆ. ಅದು ಬಿಡುವ ಆಮ್ಲ ಕೋಟಿಂಗನ್ನು ತಿನ್ನುತ್ತದೆ, ಆಮೇಲೆ ಗಾಜನ್ನೂ. ಬೇಗ ಸಿಕ್ಕರೆ ಒರೆಸಿದಾಗ ಹೋಗುತ್ತದೆ. ತಡವಾದರೆ ಫಂಗಸ್ ಹೋದರೂ ಅದರ ನೆರಳು ಗಾಜಿನ ಮೇಲೆ ಉಳಿಯುತ್ತದೆ.

ಫಂಗಸ್ ಅಂತ ಖಾತ್ರಿಯಾದರೆ ಇನ್ನೊಂದು ಕೆಲಸ ಮಾಡಿ. ಎಳೆಯ ಮೇಲೆ ಕಣ್ಣಿಟ್ಟು ಅಪರ್ಚರನ್ನು 16ಕ್ಕೆ ತಿರುಗಿಸಿ. 6 ಬ್ಲೇಡ್‌ಗಳು ಮುಚ್ಚಿಕೊಂಡು ಸಣ್ಣ ಕಿಂಡಿ ಉಳಿಯುತ್ತದೆ. ಎಳೆ ಬ್ಲೇಡ್‌ಗಳ ಹಿಂದೆ ಮರೆಯಾದರೆ ಅದು ಹಿಂದಿನ ಗಾಜುಗಳಲ್ಲಿದೆ. ಬ್ಲೇಡ್‌ಗಳ ಮೇಲೆಯೇ ತೇಲಿದ ಹಾಗೆ ಕಾಣುತ್ತಿದ್ದರೆ ಮುಂದಿನ ಗಾಜುಗಳಲ್ಲಿದೆ. ಮುಂದಿದ್ದರೆ ಬಿಚ್ಚಿ ಒರೆಸುವುದು ಸುಲಭ. ಹಿಂದಿನ ಗಾಜಿಗೆ ಬೆಲೆ ಜಾಸ್ತಿ ಅಂತ ಇಟ್ಟುಕೊಳ್ಳಿ. ಅಲ್ಲಿನ ಕಲೆ, ಗೀರು ಫೋಟೋದಲ್ಲಿ ಮುಂದಿನದಕ್ಕಿಂತ ಬೇಗ ಗೊತ್ತಾಗುತ್ತದೆ. ಎರಡು ಗಾಜು ಅಂಟಿಸಿದ ಜೋಡಿಯ ನಡುವೆ ಇದ್ದರೆ ಕೈ ಬಿಡಿ. ಅದನ್ನು ಬೇರ್ಪಡಿಸಿ, ತೊಳೆದು, ಮತ್ತೆ ಅಂಟಿಸಿ ಕೊಡುವವರು ಸಿಕ್ಕರೂ ಖರ್ಚಿಗೆ ಇನ್ನೊಂದು ಲೆನ್ಸ್ ಬರುತ್ತದೆ.

ಹಾಗೇ ಟಾರ್ಚ್ ಹಿಡಿದಾಗ ಇನ್ನೆರಡು ನೋಡಿಬಿಡಿ. ಕನ್ನಡಕಕ್ಕೆ ಬಾಯಿಂದ ಹಾ ಅಂತ ಉಸಿರು ಬಿಟ್ಟ ಹಾಗೆ ಮಬ್ಬು ಕವಿದಿದೆಯಾ? ಮಳೆಗಾಲದ ರಸ್ತೆಯ ನೀರಿನಲ್ಲಿ ಪೆಟ್ರೋಲ್ ಬಿದ್ದ ಹಾಗೆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಇದೆಯಾ? ಮೊದಲನೆಯದು ಗ್ರೀಸಿನ ಆವಿ ಗಾಜಿಗೆ ಕೂತದ್ದು, ಹೆಚ್ಚಾಗಿ ಒರೆಸಬಹುದು. ಎರಡನೆಯದು ಅಂಟು ಬಿಟ್ಟದ್ದು. ಅದಕ್ಕೂ ಮೇಲೆ ಹೇಳಿದ ಉತ್ತರವೇ, ಕೈ ಬಿಡಿ.

ಇಷ್ಟು ಒಣ ಊರಿನಲ್ಲಿ ಬೂಷ್ಟು ಎಲ್ಲಿಂದ ಅಂತ ಕೇಳಬಹುದು. ಮೇ ತಿಂಗಳ ನಮ್ಮ ಗಾಳಿಯಲ್ಲಿ ಅದು ಬದುಕುವುದು ಕಷ್ಟ, ನಿಜ. ಆದರೆ ಜೂನ್ ನಂತರ ನಾಲ್ಕು ತಿಂಗಳು ಕಪಾಟಿನೊಳಗೆ, ಅದೂ ಚರ್ಮದ ಕೇಸಿನೊಳಗೆ ಇಟ್ಟರೆ? ಚರ್ಮ ತೇವ ಹೀರಿಕೊಂಡು ಹಿಡಿದಿಡುತ್ತದೆ. ಕತ್ತಲೆ, ತೇವ, ಗಾಳಿ ಇಲ್ಲ. ಬೂಷ್ಟಿಗೆ ಮತ್ತಿನ್ನೇನು ಬೇಕು? ಹಾಗಾಗಿ ಕಾಕಾನನ್ನು ಎರಡು ಮಾತು ಕೇಳಿ. ಕೊನೆಯ ಸಲ ಯಾವಾಗ ಬಳಸಿದ್ದು, ಇಷ್ಟು ದಿನ ಎಲ್ಲಿಟ್ಟಿದ್ದು. ದಿನಾ ಮದುವೆ ಫೋಟೋಕ್ಕೆ ಓಡಾಡಿದ ಲೆನ್ಸು ಹೊರಗೆ ಸವೆದಿರುತ್ತದೆ, ಒಳಗೆ ಸ್ವಚ್ಛ ಇರುತ್ತದೆ. ಹೊರಗೆ ಹೊಳೆಯುವ, ಹದಿನೈದು ವರ್ಷ ಕಪಾಟಿನಲ್ಲಿದ್ದ ಲೆನ್ಸಿಗೆ ನಾನು ಜಾಸ್ತಿ ಹೆದರುತ್ತೇನೆ. ಮಂಗಳೂರು, ಮುಂಬೈ ಕಡೆಯಿಂದ ಬಂದದ್ದಾದರೆ ಇನ್ನೂ ಜಾಸ್ತಿ.

ಫೋಕಸ್ ರಿಂಗ್ ಬಿಗಿ ಅಂದಿರಿ. ಬಿಗಿಯಲ್ಲೂ ಎರಡು ಥರ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ತಿರುಗಿಸಿ, ಕಣ್ಣು ಮುಚ್ಚಿಕೊಂಡು. ಎಲ್ಲಾ ಕಡೆ ಒಂದೇ ಸಮ ಬಿಗಿ, ತಣ್ಣಗಿನ ತುಪ್ಪದಲ್ಲಿ ಚಮಚ ತಿರುಗಿಸಿದ ಹಾಗೆ ಇದ್ದರೆ ಗ್ರೀಸ್ ಒಣಗಿದೆ ಅಷ್ಟೇ. ಹೊಸ ಗ್ರೀಸ್ ಹಾಕಿದರೆ ಬೆಣ್ಣೆಯಾಗುತ್ತದೆ. ಕರಕರ ಅಂದರೆ, ಅಥವಾ ಒಂದು ಕಡೆ ಮಾತ್ರ ಹಿಡಿದರೆ, ಥ್ರೆಡ್‌ಗೆ ಮಣ್ಣು ಹೋಗಿದೆ ಅಥವಾ ಲೆನ್ಸ್ ಬಿದ್ದು ಬ್ಯಾರೆಲ್ ಸೊಟ್ಟಗಾಗಿದೆ. ಬಿದ್ದಿದೆಯಾ ಅಂತ ತಿಳಿಯಲು ಮುಂದೆ 49 ಎಂಎಂ ಫಿಲ್ಟರ್ ಒಂದನ್ನು ಹಾಕಿ ನೋಡಿ. ಸಲೀಸಾಗಿ ಕೂತರೆ ಸರಿ.

ನಿಜ ಹೇಳಬೇಕೆಂದರೆ ಬಿಗಿ ರಿಂಗ್‌ಗಿಂತ ತೀರಾ ಸಡಿಲ ರಿಂಗ್ ನನಗೆ ಅನುಮಾನ. ಬಿಗಿಯಾಯಿತು ಅಂತ ಯಾರೋ ಹೊಲಿಗೆ ಮಷಿನ್ ಎಣ್ಣೆ ಬಿಟ್ಟಿರುತ್ತಾರೆ. ಎರಡು ದಿನ ಹಗುರಾಗಿ ತಿರುಗುತ್ತದೆ, ಆಮೇಲೆ ಆ ಎಣ್ಣೆ ಬ್ಲೇಡ್‌ಗೆ ಇಳಿಯುತ್ತದೆ. ಟಾರ್ಚ್ ಬೆಳಕಿನಲ್ಲಿ ಬ್ಲೇಡ್‌ಗಳು ಮಟ್ಟಸವಾಗಿ, ಒಣಗಿ ಕಾಣಬೇಕು. ಒದ್ದೆ ಹೊಳಪು ಇದ್ದರೆ ಎಣ್ಣೆ. ಅಡಾಪ್ಟರ್‌ನಲ್ಲಿ (ಹಳೇ ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೆ ಕೂರಿಸುವ ಬಳೆ) ಮ್ಯಾನ್ಯುಯಲ್ ಆಗಿ ಬಳಸುವಾಗ ಬ್ಲೇಡ್ ಸ್ವಲ್ಪ ನಿಧಾನವಾದರೂ ಫೋಟೋ ಕೆಡುವುದಿಲ್ಲ, ಆದರೆ ಅದೇ ಎಣ್ಣೆ ನಾಳೆ ಗಾಜಿನ ಮೇಲೆ ಮಬ್ಬಾಗಿ ಕೂರುತ್ತದೆ. ಹಿಂಭಾಗದ ಸ್ಕ್ರೂ ತಲೆಗಳನ್ನೂ, ಮುಂದೆ ಹೆಸರು ಬರೆದ ಬಳೆಯನ್ನೂ ನೋಡಿ. ಗೀರು, ಜಾರಿದ ಗುರುತು ಇದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ. ಸರಿಯಾಗಿ ಜೋಡಿಸಿದ್ದಾರಾ ಅನ್ನೋದು ಪ್ರಶ್ನೆ.

ಅದು ಗೊತ್ತಾಗುವುದು ಕ್ಯಾಮೆರಾಕ್ಕೆ ಹಾಕಿದಾಗ. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಇದು ಎಂ42 ಸ್ಕ್ರೂ ಮೌಂಟ್. 42 ಎಂಎಂ ಅಗಲ, 1 ಎಂಎಂ ಪಿಚ್‌ನ ಥ್ರೆಡ್. ಲೆನ್ಸ್ ಕೂರುವ ಜಾಗದಿಂದ ಫಿಲ್ಮಿನವರೆಗೆ 45.46 ಎಂಎಂ ದೂರ ಇರಬೇಕು. ಕ್ಯಾನನ್ ಡಿಎಸ್ಎಲ್ಆರ್‌ನಲ್ಲಿ ಆ ದೂರ 44 ಎಂಎಂ. ಉಳಿದ ಒಂದೂವರೆ ಮಿಲಿಮೀಟರ್ ಜಾಗಕ್ಕೆ ಒಂದು ತೆಳು ಲೋಹದ ಬಳೆ ಸಾಕು, ನಡುವೆ ಗಾಜು ಬೇಕಿಲ್ಲ. ನಿಮ್ಮ ಗೆಳೆಯರ ಹತ್ತಿರ ನಿಕಾನ್ ಡಿಎಸ್ಎಲ್ಆರ್ ಇದ್ದರೆ ಅವರಿಗೆ ಇದನ್ನು ಹೇಳಬೇಡಿ. ಅದರಲ್ಲಿ 46.5 ಎಂಎಂ. ಬರೀ ಬಳೆ ಹಾಕಿದರೆ ದೂರದ್ದು ಫೋಕಸ್ ಆಗುವುದೇ ಇಲ್ಲ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾನನ್‌ಗಳಲ್ಲಿ ಕೆಲವು ಹಳೇ ಲೆನ್ಸ್‌ಗಳ ಹಿಂಭಾಗ ಒಳಗಿನ ಕನ್ನಡಿಗೆ ತಾಗುವುದೂ ಉಂಟು. 1500ಡಿಯ ಕನ್ನಡಿ ಚಿಕ್ಕದು, ಆ ಕಾಟ ಇಲ್ಲ. ಸೆನ್ಸರ್ ಚಿಕ್ಕದಾದ್ದರಿಂದ 50 ಎಂಎಂ ಲೆನ್ಸ್ 80 ಎಂಎಂ ಥರ ಕಾಣುತ್ತದೆ. ಮುಖದ ಫೋಟೋಕ್ಕೆ ಹೇಳಿ ಮಾಡಿಸಿದ್ದು.

ಅಡಾಪ್ಟರ್ ತರಿಸಿಕೊಂಡೇ ಅಂಗಡಿಗೆ ಹೋಗಿ. ಭಾನುವಾರದೊಳಗೆ ಬರದಿದ್ದರೆ ಮುಂದಿನ ಭಾನುವಾರ. ಅಷ್ಟರಲ್ಲಿ ಲೆನ್ಸ್ ಮಾರಿಹೋದರೆ ಹೋಗಲಿ ಬಿಡಿ.

ಹಾಕಿದ ಮೇಲೆ ಲೈವ್ ವ್ಯೂ (ಹಿಂದಿನ ಸ್ಕ್ರೀನಿನಲ್ಲಿ ನೋಡುವುದು) ಆನ್ ಮಾಡಿ, 10 ಪಟ್ಟು ದೊಡ್ಡದು ಮಾಡಿ ಫೋಕಸ್ ಮಾಡಿ. ಕ್ಯಾಮೆರಾದ ವ್ಯೂಫೈಂಡರ್ ಕಿಂಡಿಯಲ್ಲಿ ಕಣ್ಣಿಟ್ಟು 1.4ರಲ್ಲಿ ಫೋಕಸ್ ಮಾಡಿದರೆ ಮೋಸ ಹೋಗುತ್ತೀರಿ, ಆ ಕಿಂಡಿ ಅಷ್ಟು ಸೂಕ್ಷ್ಮ ತೋರಿಸುವುದಿಲ್ಲ. ಅಂಗಡಿಯ ಮಾಳಿಗೆ ಹತ್ತಿ ದೂರದ ಮೊಬೈಲ್ ಟವರ್ ಹಿಡಿಯಿರಿ. ರಿಂಗ್ ಕೊನೆಗೆ ಬರುವ ಹೊತ್ತಿಗೆ ಅದು ಚೂಪಾಗಿ ಕಾಣಬೇಕು. ಕೊನೆಗೆ ಸ್ವಲ್ಪ ಮೊದಲೇ ಚೂಪಾದರೆ ಅಡಾಪ್ಟರ್ ಒಂದಿಷ್ಟು ತೆಳು, ಚಿಂತೆ ಇಲ್ಲ. ಕೊನೆ ಮುಟ್ಟಿದರೂ ಮಸುಕಾಗೇ ಇದ್ದರೆ ಅಡಾಪ್ಟರ್ ದಪ್ಪ ಇರಬಹುದು, ಅಥವಾ ಬಿಚ್ಚಿದವರು ತಪ್ಪು ಜೋಡಿಸಿದ್ದಾರೆ. ಆಮೇಲೆ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ ನೇರ ನಿಂತು 2.8ರಲ್ಲಿ ತೆಗೆಯಿರಿ. ನಾಲ್ಕೂ ಮೂಲೆ ಸ್ವಲ್ಪ ಮಸುಕಾದರೆ ವಯಸ್ಸಿನ ಗುಣ. ಒಂದೇ ಮೂಲೆ ಮಸುಕಾದರೆ ಯಾವುದೋ ಗಾಜು ವಾರೆ ಕೂತಿದೆ.

ನನ್ನ ಮೆಚ್ಚಿನ ಪರೀಕ್ಷೆ ಬೇರೆ ಇದೆ. ನನ್ನ ಹತ್ತಿರ ಒಂದು ಸಣ್ಣ ಬಿದ್ರಿ ಡಬ್ಬಿ ಇದೆ, ಬೀದರಿನಲ್ಲಿ ಕೊಂಡದ್ದು. ಕಪ್ಪು ಮೈ, ಅದರ ಮೇಲೆ ಕೂದಲೆಳೆಯಂಥ ಬೆಳ್ಳಿ ಗೆರೆ. ಯಾವ ಲೆನ್ಸ್ ಬಂದರೂ ಕಿಟಕಿಯ ಹತ್ತಿರ ಅದನ್ನಿಟ್ಟು ಒಂದು ಫೋಟೋ. 1.4ರಲ್ಲಿ ಬೆಳ್ಳಿ ಗೆರೆಗಳ ಸುತ್ತ ಮಂಜಿನಂಥ ಹೊಳಪು ಬರುತ್ತದೆ. ಈ ಲೆನ್ಸಿನ ಸ್ವಭಾವವೇ ಅದು, ದೂರಬೇಡಿ. ಎಷ್ಟೋ ಜನ ಅದಕ್ಕೇ ಇದನ್ನು ಹುಡುಕಿಕೊಂಡು ಬರುತ್ತಾರೆ. 2.8ಕ್ಕೆ ತಂದಾಗ ಗೆರೆ ಗೆರೆಯಾಗಿ ನಿಲ್ಲಬೇಕು, ಕಪ್ಪು ಕಪ್ಪಾಗೇ ಇರಬೇಕು. ಆಗಲೂ ಕಪ್ಪು ಬೂದಿಯಾದರೆ ಒಳಗೆ ಮಬ್ಬು ಇದೆ ಅಂತ ಅರ್ಥ, ಟಾರ್ಚಿಗೆ ಸಿಗದಿದ್ದರೂ. ನಿಮ್ಮ ಹತ್ತಿರ ಬಿದ್ರಿ ಇಲ್ಲದಿದ್ದರೆ ಕರಿ ಛತ್ರಿ ಸಾಕು. ಹಿಂದೆ ಬೆಳಕಿನ ಆಕಾಶ ಇರಲಿ.

ಈ ಪಾಠ ದುಡ್ಡು ಕೊಟ್ಟು ಕಲಿತದ್ದು. ವರ್ಷಗಳ ಹಿಂದೆ ಬೀದರಿನಲ್ಲಿ ಒಬ್ಬರ ಹತ್ತಿರ 135 ಎಂಎಂ ಲೆನ್ಸ್ ಕೊಂಡೆ. ಸಂಜೆಯಾಗಿತ್ತು, ಬೆಳಕು ಇಳಿದಿತ್ತು, ಚೌಕಾಸಿಯ ಉತ್ಸಾಹದಲ್ಲಿ ಟಾರ್ಚ್ ಬಿಟ್ಟು ನೋಡಲಿಲ್ಲ. ಮರುದಿನ ಬೆಳಗ್ಗೆ ಮಹಮೂದ್ ಗವಾನ್ ಮದರಸಾಕ್ಕೆ ಹೋದೆ. ಆ ಮಿನಾರಿನ ಮೇಲೆ ಉಳಿದಿರುವ ನೀಲಿ ಹಸಿರು ಹೆಂಚುಗಳನ್ನು ಆಕಾಶದ ಎದುರಿಗೆ ಹಿಡಿದು ಎಂಟು ಹತ್ತು ಫೋಟೋ ತೆಗೆದೆ. ಒಂದರಲ್ಲೂ ಬಣ್ಣ ಇಲ್ಲ. ಎಲ್ಲದರ ಮೇಲೂ ಬೂದಿ ಎರಚಿದ ಹಾಗೆ. ರೂಮಿಗೆ ಬಂದು ಟಾರ್ಚ್ ಬಿಟ್ಟರೆ ಒಳಗೆ ಜೇಡರ ಬಲೆ. ಮಾರಿದವರು "ನೀವೇ ನೋಡಿ ತಗೊಂಡಿರಲ್ಲ" ಅಂದರು. ಅವರು ಹೇಳಿದ್ದೂ ಸರಿ.

ರೇಟ್ ವಿಷಯ. ಇದು ನನ್ನ ಅಂದಾಜು ಮಾತ್ರ. ಎಳೆ ಬರೀ ನಾರು, ಬ್ಲೇಡ್ ಒಣ, ರಿಂಗ್ ಒಂದೇ ಸಮ ಬಿಗಿ ಇದ್ದರೆ, ಗ್ರೀಸ್ ಹಾಕಿಸುವ ಖರ್ಚು ಕಳೆದು 5,500ರಿಂದ 6,000 ಕೊಡಬಹುದು. ಮುಂದಿನ ಗಾಜಿನಲ್ಲಿ ಸಣ್ಣ ಫಂಗಸ್ ಇದ್ದು ಕರಿ ಛತ್ರಿ ಕಪ್ಪಾಗೇ ಬಂದರೆ ಅರ್ಧಕ್ಕೆ ಕೇಳಿ. ಅಂಟಿನ ನಡುವೆ ಇದ್ದರೆ ಸಾವಿರಕ್ಕೂ ಬೇಡ. ಹಳದಿಗೆ ಅಂತ ಬೇಕಾದರೆ ಐನೂರು ಇಳಿಸಿ ಕೇಳಿ. ಇದೇ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಹೊಸ ಆಟೋಫೋಕಸ್ 50 ಎಂಎಂ 1.8 ಬರುತ್ತದೆ ಅನ್ನೋದು ತಲೆಯಲ್ಲಿರಲಿ. ಮದುವೆ ಆರ್ಡರ್ ಹಿಡಿಯೋರು ನೀವಾದರೆ ಅದನ್ನೇ ತಗೊಳ್ಳಿ. ಅಕ್ಷತೆ ಬೀಳುವ ಹೊತ್ತಿಗೆ ಕೈಯಲ್ಲಿ ಫೋಕಸ್ ತಿರುಗಿಸುತ್ತಾ ಕೂತರೆ ಬೀಗರು ಸುಮ್ನೆ ಇರುವುದಿಲ್ಲ.

ಕಾಕಾನ ಮುಂದೆ "ಇದು ಕೆಟ್ಟಿದೆ" ಅಂತ ಬಾಯಿ ಮಾಡಬೇಡಿ. ಅರ್ಧ ಊರಿನ ಮದುವೆ ತೆಗೆದ ಲೆನ್ಸ್ ಅದು. ಟಾರ್ಚ್ ಅವರ ಕೈಗೇ ಕೊಟ್ಟು "ಕಾಕಾ, ಈ ಎಳೆ ಸ್ವಲ್ಪ ನೋಡ್ರಿ" ಅನ್ನಿ. ಅವರು ಗಾಜು ನೋಡಿ ಬೆಳೆದವರು, ಕಂಡ ಮೇಲೆ ರೇಟ್ ಅವರೇ ಇಳಿಸುತ್ತಾರೆ. ಲೆನ್ಸಿನ ಜೊತೆ ಚರ್ಮದ ಕೇಸ್ ಪುಕ್ಕಟೆ ಕೊಟ್ಟರೆ ಬೇಡ ಅನ್ನಬೇಡಿ, ಆದರೆ ಲೆನ್ಸ್ ಅದರೊಳಗೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡು ಹಿಡಿ ಸಿಲಿಕಾ ಜೆಲ್. ಮನೆಗೆ ಹೋದ ಮೇಲೆ ಮೊದಲ ಒಂದು ತಿಂಗಳು ನಿಮ್ಮ ಬೇರೆ ಲೆನ್ಸ್‌ಗಳ ಡಬ್ಬಿಯಿಂದ ದೂರವೇ ಇಡಿ.